ಎಲ್ಲಿ, ಇಲ್ಲೇನಾ?

ಇವತ್ತು ಬೆಳಿಗ್ಗೆ ನಮ್ಮನೆಯವರು ಮತ್ತೆ ಒತ್ತಿದರು.

ನನ್ನ ಪಕ್ಕೆಲುಬಿಗೆ ಪೆಟ್ಟಾಗಿ ಇವತ್ತಿಗೆ 19 ದಿನ. ಅವರು ಒತ್ತಿದ್ದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಮುಖ ತೊಳೆದು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಾ ಬಂದವರು "ಹೇಗಿದೆಯೇ?" ಅಂದರು. "ಪರವಾಗಿಲ್ಲ" ಅಂದೆ. ತಪ್ಪಾಗಿದ್ದು ಅಲ್ಲೇ. "ಎಲ್ಲಿ, ಇಲ್ಲೇನಾ?" ಅಂತ ತೋರುಬೆರಳು ಬಂದೇ ಬಿಟ್ಟಿತು. ಕಿರುಚೋಣ ಅಂದರೆ ಅದಕ್ಕೆ ಉಸಿರು ಎಳೆದುಕೊಳ್ಳಬೇಕು. ಎಳೆದರೆ ಮತ್ತೆ ಅಲ್ಲೇ ಚುಚ್ಚುತ್ತದೆ. ಸದ್ದಿಲ್ಲದೆ ಬಾಯಿ ತೆರೆದುಕೊಂಡು ನಿಂತೆ. "ಓ, ಇನ್ನೂ ಇದೆ" ಅಂತ ತೀರ್ಪು ಕೊಟ್ಟು ಪೇಪರ್ ಹಿಡಿದು ಕೂತರು.

ಪೆಟ್ಟಾಗಿದ್ದು ಹೇಗೆ ಅಂತ ಹೇಳಿಕೊಳ್ಳೋಕೆ ನಾಚಿಕೆ. ಮೆಟ್ಟಿಲಿಂದ ಉರುಳಿದ್ದರೆ ಒಂದು ಮರ್ಯಾದೆ ಇರುತ್ತಿತ್ತು. ನಾನು ನಿಂತಲ್ಲೇ ವಾಷಿಂಗ್ ಮೆಷಿನ್ ಮೇಲೆ ಬಿದ್ದವಳು. ನಮ್ಮದು ಮೇಲಿಂದ ಬಟ್ಟೆ ಹಾಕುವ ಮೆಷಿನ್. ಎಲ್ಲ ತೆಗೆದ ಮೇಲೆ ತಳದಲ್ಲಿ ಒಂದೇ ಒಂದು ಕಾಲುಚೀಲ ಅಂಟಿಕೊಂಡಿತ್ತು. ಅವರದ್ದೇ. ಬೂದು ಬಣ್ಣ, ಹೆಬ್ಬೆರಳಿನ ಹತ್ತಿರ ತೂತು. ತುದಿಗಾಲಲ್ಲಿ ನಿಂತು ಬಗ್ಗಿದೆ. ಬೆರಳಿಗೆ ಸಿಕ್ಕಿತು ಅನ್ನುವಷ್ಟರಲ್ಲಿ ಒದ್ದೆ ನೆಲದಲ್ಲಿ ಕಾಲು ಜಾರಿತು. ಮೈಭಾರವೆಲ್ಲ ಎಡಪಕ್ಕೆಯ ಮೇಲೆ, ಪಕ್ಕೆ ಮೆಷಿನ್ನಿನ ಅಂಚಿನ ಮೇಲೆ. 'ಟಕ್' ಅಂತು. ಸದ್ದು ಮೆಷಿನ್ನಿನದೋ ನನ್ನದೋ ಗೊತ್ತಾಗಲಿಲ್ಲ. ಕಾಲುಚೀಲವನ್ನು ಮಾತ್ರ ಬಿಟ್ಟಿರಲಿಲ್ಲ.

ಅವತ್ತು ಬಟ್ಟೆ ಒಣಹಾಕಿ, ಉಳಿದ ಕೆಲಸವನ್ನೂ ಮುಗಿಸಿದೆ. ಸ್ವಲ್ಪ ಉಳುಕಿರಬೇಕು ಅಂದುಕೊಂಡೆ. ಪಕ್ಕೆಲುಬು ಹಾಗೇ ಮೋಸ ಮಾಡೋದು. ರಾತ್ರಿ ಮಗ್ಗುಲು ಬದಲಿಸಲು ಹೋದಾಗ ಯಾರೋ ಒಳಗಿನಿಂದ ಚೂರಿ ಹಾಕಿದ ಹಾಗಾಯಿತು. ಆಕಳಿಸಿದರೂ ಅದೇ, ಕೆಮ್ಮಿದರೂ ಅದೇ. ಮೂರನೇ ದಿನ ಮೊದಲ ದಿನಕ್ಕಿಂತ ಜಾಸ್ತಿ ನೋವು. ಆಗ ನಮ್ಮನೆಯವರಿಗೆ ಹೇಳಿದೆ.

ಹೇಳಬಾರದಿತ್ತು. ಅವರು ಒತ್ತಿ ನೋಡುವ ಜಾತಿ. 'ಬಣ್ಣ ಹಸಿಯಿದೆ, ಮುಟ್ಟಬೇಡಿ' ಅಂತ ಬೋರ್ಡ್ ಹಾಕಿದ ಬಾಗಿಲನ್ನು ಒತ್ತಿ, ಬೆರಳು ನೋಡಿಕೊಂಡು, "ಹೌದು, ಹಸಿ ಇದೆ" ಅನ್ನುವವರು. ಲಿಫ್ಟಿನ ಬಟನ್ ದೀಪ ಹತ್ತಿಕೊಂಡು ಉರಿಯುತ್ತಿದ್ದರೂ ತಾವೊಂದು ಸಲ ಒತ್ತದಿದ್ದರೆ ಲಿಫ್ಟ್ ಬರಲ್ಲ ಅಂತ ನಂಬಿದವರು. ಮೊಬೈಲಿಗೆ ಹೊಸ ಸ್ಕ್ರೀನ್ ಗಾರ್ಡ್ ಹಾಕಿಸಿದರೆ ಅದರೊಳಗಿನ ಒಂದು ಗುಳ್ಳೆಯನ್ನು ಒಂದು ವಾರ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಳ್ಳುತ್ತಾರೆ. ನಮ್ಮ ಮನೆ ಮುಂದಿನ ಸಿಮೆಂಟ್ ಮೆಟ್ಟಿಲಿನ ಮೂಲೆಯಲ್ಲಿ ಅವರ ಹೆಬ್ಬೆರಳಿನ ಗುರುತು ಇವತ್ತಿಗೂ ಇದೆ. ಸಿಮೆಂಟ್ ಗಟ್ಟಿಯಾಗಿದೆಯಾ ಅಂತ ನೋಡಿದ್ದಂತೆ. ಇಂಥವರ ಕೈಗೆ "ಇಲ್ಲಿ ಮುಟ್ಟಿದರೆ ಜೀವ ಹೋಗುತ್ತೆ ರೀ" ಅಂತ ಒಂದು ಜಾಗ ತೋರಿಸಿಕೊಟ್ಟವಳು ನಾನು.

ಡಾಕ್ಟರ ಹತ್ತಿರ ಹೋದರೆ ಅವರೂ ಅದೇ ಜಾತಿ. "ಇಲ್ಲಿ ನೋಯುತ್ತಾ? ಇಲ್ಲಿ?" ಅಂತ ಒಂದೊಂದೇ ಎಲುಬನ್ನು ಹಾರ್ಮೋನಿಯಂ ಕೀಗಳ ಹಾಗೆ ಒತ್ತುತ್ತಾ ಇಳಿದು, ಎಂಟನೆಯದಕ್ಕೆ ಬಂದಾಗ ನನ್ನಿಂದ ಸರಿಯಾದ ಸ್ವರ ಹೊರಟಿತು. ಪಕ್ಕದಲ್ಲಿ ನಿಂತಿದ್ದ ನಮ್ಮನೆಯವರು "ನಾನೂ ಅದನ್ನೇ ಹೇಳಿದ್ದೆ ಡಾಕ್ಟ್ರೇ" ಅಂದರು. ಎಕ್ಸ್‌ರೇ ತೆಗೆಸಿದ್ದಾಯಿತು. ಅದರಲ್ಲಿ ಏನೂ ಕಾಣಲಿಲ್ಲ. ಸಣ್ಣ ಬಿರುಕು ಎಷ್ಟೋ ಸಲ ಎಕ್ಸ್‌ರೇಗೆ ಸಿಗುವುದಿಲ್ಲವಂತೆ.

"ಹಾಗಾದ್ರೆ ಮುರಿದಿದೆಯೋ ಇಲ್ವೋ?" ಅಂದೆ.

"ಸಣ್ಣ ಬಿರುಕಿದ್ರೂ ಮಾಡೋದು ಇಷ್ಟೇ, ಬರೀ ಪೆಟ್ಟಾಗಿದ್ರೂ ಇಷ್ಟೇ" ಅಂದರು. ಇಷ್ಟೇ ಅಂದರೆ ನೋವಿನ ಮಾತ್ರೆ, ಮೊದಲ ಕೆಲವು ದಿನ ಬಟ್ಟೆಯಲ್ಲಿ ಸುತ್ತಿದ ಐಸು, ಭಾರ ಎತ್ತದಿರುವುದು, ಮತ್ತೆ ತಾಳ್ಮೆ. ಮುರಿದಿದ್ದರೆ ಕೂಡಿಕೊಳ್ಳಲು ಹೆಚ್ಚುಕಡಿಮೆ ಆರು ವಾರ.

ಪಟ್ಟಿಯಾದರೂ ಕಟ್ಟುತ್ತಾರೆ ಅಂದುಕೊಂಡಿದ್ದೆ. ಅದೂ ಇಲ್ಲ. ಹಿಂದೆಲ್ಲ ಎದೆಗೆ ಬಿಗಿಯಾಗಿ ಸುತ್ತುತ್ತಿದ್ದರಂತೆ. ಹಾಗೆ ಕಟ್ಟಿದರೆ ಶ್ವಾಸಕೋಶ ಪೂರ್ತಿ ಅರಳುವುದಿಲ್ಲ, ಒಳಗೆ ಕಫ ನಿಂತು ನ್ಯುಮೋನಿಯಾ ಆಗುವ ಭಯ. ಆದ್ದರಿಂದ ಈಗ ಕಟ್ಟುವುದಿಲ್ಲ. ಬದಲಿಗೆ ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ ನಿಧಾನವಾಗಿ ದೀರ್ಘ ಉಸಿರು ಎಳೆಯಬೇಕು, ಕೆಮ್ಮು ಬಂದರೆ ತಡೆಯಬಾರದು, ದಿಂಬನ್ನು ಪಕ್ಕೆಗೆ ಅವುಚಿಕೊಂಡು ಕೆಮ್ಮಬೇಕು. ಯಾವುದು ಮಾಡಿದರೆ ನೋಯುತ್ತದೋ ಅದನ್ನೇ ಗಂಟೆಗೊಮ್ಮೆ ಮಾಡು ಅನ್ನುವ ಚಿಕಿತ್ಸೆ.

ಕೈ ಮುರಿದವರಿಗೆ ಪ್ಲಾಸ್ಟರ್ ಇರುತ್ತದೆ. ಅದರ ಮೇಲೆ ಮಕ್ಕಳು ಹೆಸರು ಬರೆಯುತ್ತಾರೆ, ಜನ ಎದ್ದು ಜಾಗ ಕೊಡುತ್ತಾರೆ. ನನ್ನ ಹತ್ತಿರ ತೋರಿಸಲು ಏನಿದೆ? ಒಂದು ದಿಂಬು. ಅತ್ತಿಗೆ ನೋಡಲು ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ "ಚೆನ್ನಾಗೇ ಇದೀಯಲ್ಲ!" ಅಂದರು. ಆ ಧ್ವನಿಯಲ್ಲಿ ಸಂತೋಷಕ್ಕಿಂತ ಅನುಮಾನ ಜಾಸ್ತಿ ಇತ್ತು. ಆಮೇಲೆ ಅವರೂ "ಎಲ್ಲಿ?" ಅಂತ ಬೆರಳು ಚಾಚಿದರು. ಅಕ್ಕ ತಮ್ಮ ಒಂದೇ ಗುಣ.

ಸೀನಿನ ವಿಷಯ ಹೇಳಲೇಬೇಕು. ಕೆಮ್ಮು ಹೇಳಿ ಬರುತ್ತದೆ. ಸೀನು ಮೂಗಿನ ತುದಿಯಲ್ಲಿ ಬಂದು ನಿಂತು ಆಟ ಆಡುತ್ತದೆ. ನಾಲ್ಕನೇ ದಿನ ಬೀರು ಒರೆಸುವಾಗ ಬಂತು. ದಿಂಬು ಒಳಗಿನ ರೂಮಿನಲ್ಲಿ. ಮೂಗು ಹಿಡಿದುಕೊಂಡು, ಓಡುವ ಹಾಗಿಲ್ಲ, ಮೆರವಣಿಗೆಯಲ್ಲಿ ಹೋದ ಹಾಗೆ ಹೋಗಿ ದಿಂಬು ಅಪ್ಪಿಕೊಂಡು ಕಣ್ಣು ಮುಚ್ಚಿ ನಿಂತೆ. ಸೀನು ಬರಲಿಲ್ಲ. ಎರಡು ನಿಮಿಷ ಕಾದು ದಿಂಬು ಇಟ್ಟೆ. ಬಂತು.

ಮೊದಲ ರಾತ್ರಿಗಳಲ್ಲಿ ಮಲಗಿದರೆ ಏಳಲು ಆಗದು ಅಂತ ನಾಲ್ಕು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ. ನಿದ್ದೆ ಎಲ್ಲಿ ಬರಬೇಕು? ಲೆಕ್ಕ ಹಾಕುತ್ತಿದ್ದೆ. ನಿಮಿಷಕ್ಕೆ 15 ಉಸಿರು ಅಂದರೂ ದಿನಕ್ಕೆ 21,600. ಅಷ್ಟೂ ಸಲ ಈ 24 ಎಲುಬುಗಳು ಅಲುಗಾಡುತ್ತವೆ. ಪಕ್ಕದಲ್ಲಿ ಇವರು ತಮ್ಮ ಪಾಲಿನದನ್ನು ಗೊರಕೆ ಸಮೇತ ಮುಗಿಸುತ್ತಿದ್ದರು. ಹಾಗೆ ಕೂತಿದ್ದಾಗ ಅಪ್ಪನ ನೆನಪಾಯಿತು. ಕೊನೆಯ ವರ್ಷಗಳಲ್ಲಿ ಅಪ್ಪ ಕೆಮ್ಮುವಾಗ ಒಂದು ಕೈಯಲ್ಲಿ ಪಕ್ಕೆ ಒತ್ತಿ ಹಿಡಿಯುತ್ತಿದ್ದರು. ಅದೊಂದು ಅಭ್ಯಾಸ ಅಂದುಕೊಂಡಿದ್ದೆ. ಜೋರಾಗಿ ಕೆಮ್ಮಿ ಕೆಮ್ಮಿಯೇ ಪಕ್ಕೆಲುಬು ಬಿರುಕು ಬಿಡುವುದುಂಟು ಅಂತ ಡಾಕ್ಟರು ಮಾತಿನ ನಡುವೆ ಹೇಳಿದ್ದರು. ಒಂದು ಸಲ ನಾನು "ಅಪ್ಪಾ, ಟೀವಿ ಕೇಳಿಸ್ತಿಲ್ಲ" ಅಂದಿದ್ದೆ. ಅವರು ಎದ್ದು ಹೊರಗೆ ಹೋಗಿ ಕೆಮ್ಮಿ ಬಂದರು.

ಇವರನ್ನು ಬೈಯೋಣವೆಂದರೆ ಪೂರ್ತಿ ಬೈಯಲೂ ಆಗುವುದಿಲ್ಲ. ಯಾವುದಕ್ಕೆ ತಕ್ಷಣ ಆಸ್ಪತ್ರೆಗೆ ಬರಬೇಕು ಅಂತ ಡಾಕ್ಟರು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಾರೆ. ಪ್ರತಿ ಸಂಜೆ ಹಾಜರಿ. "ಉಸಿರಾಟ ಕಷ್ಟ ಆಗ್ತಿದೆಯಾ? ಜ್ವರ? ಕಫ ಹಳದಿ, ಹಸಿರು? ಕೆಮ್ಮಿದ್ರೆ ರಕ್ತ? ನೋವು ಜಾಸ್ತಿ ಆಗ್ತಿದೆಯಾ? ಹೊಟ್ಟೇಲಿ, ಭುಜದಲ್ಲಿ ನೋವು?" ನಾನು ಇಲ್ಲ, ಇಲ್ಲ ಅನ್ನುತ್ತಾ ಬರುತ್ತೇನೆ. ಚೀಟಿ ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಆ ಬೆರಳು.

ಈಗ ಮೊದಲಿಗಿಂತ ವಾಸಿ. ಹಾಸಿಗೆಯಿಂದ ಏಳುವ ಕಲೆ ಬಂದಿದೆ. ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳುವುದು. ಬೆಳಿಗ್ಗೆ ಒತ್ತಿಸಿಕೊಂಡ ಸಿಟ್ಟಿಗೆ ಹಾಗೇ ಎದ್ದು ಹೋಗಿ, ಬೀರುವಿನಲ್ಲಿ ಮಡಚಿಟ್ಟಿದ್ದ ಆ ಬೂದು ಕಾಲುಚೀಲವನ್ನು ತಂದು ಅವರ ಪೇಪರಿನ ಮೇಲೆ ಹಾಕಿದೆ. "ಇದಕ್ಕೇ ಅಲ್ವಾ ಇಷ್ಟೆಲ್ಲಾ ಆಗಿದ್ದು? ಹಾಕ್ಕೊಳ್ಳಿ!"

ಅದನ್ನು ಎತ್ತಿ ಹಿಡಿದು, ತೂತಿನೊಳಗೆ ಬೆರಳು ಹಾಕಿ ನೋಡಿದರು. "ಅಯ್ಯೋ, ಇದು ಇಲ್ಲಿತ್ತಾ? ಜೊತೆ ಸಿಗಲಿಲ್ಲ ಅಂತ ಇನ್ನೊಂದನ್ನ ಹೋದ ವಾರವೇ ಎಸೆದುಬಿಟ್ಟೆನಲ್ಲೇ."

ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ, ತೂತಿನಿಂದ ಹೊರಗೆ ಇಣುಕುತ್ತಿದ್ದ ಆ ಬೆರಳು ನೋಡಿ, ನಗು ಹೊಟ್ಟೆಯಿಂದ ಹೊರಟಿತು. ತಡೆಯಲು ಆಗುವ ನಗು ಅಲ್ಲ.

"ರೀ, ದಿಂಬು! ಮೊದಲು ಆ ದಿಂಬು ಕೊಡಿ!"