ಎಂಟನೇ ಕ್ಲಾಸು, ಬೈಬಲ್ಲು ಮತ್ತು ನಮ್ಮ ಮಠದ ಕಾಲೇಜು

ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದ ಖುಷಿಯಲ್ಲಿದ್ದೆ. ಮನೆಯಲ್ಲಿ ಮೆಟ್ಟಿಲು ಮಾಡಲು ಬಂದಿದ್ದ ಆಮಿಶ್ ಬಡಗಿಯ ಹತ್ತಿರವೂ ಹೇಳಿಕೊಂಡೆ. ಆಮಿಶ್ ಅಂದರೆ ಅಮೆರಿಕದಲ್ಲಿ ಹಳೆಯ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಸಮುದಾಯ. ಒಳ್ಳೆಯದು ಅಂದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಓದು ಮುಗಿದ ಮೇಲೆ ಅವಳು ನಿಮ್ಮ ಹತ್ತಿರ ವಾಪಸ್ ಬರ್ತಾಳಾ?"

ಚುಚ್ಚಬೇಕು ಅಂತ ಕೇಳಿದ್ದಲ್ಲ. ಆದರೂ ನಾಟಿತು. ನಾನು ಓದಲು ತುಮಕೂರಿನಿಂದ ಬೆಂಗಳೂರಿಗೆ ಹೋದವನು. ಅಲ್ಲಿಂದ ಪೆನ್ಸಿಲ್ವೇನಿಯಾಕ್ಕೆ ಬಂದೆ. ಇಲ್ಲೇ ಉಳಿದೆ. ಅಮ್ಮ ಈಗಲೂ ಫೋನ್ ಇಡುವ ಮುಂಚೆ "ಯಾವಾಗ ಬರ್ತೀಯಪ್ಪ" ಅಂತ ಕೇಳುತ್ತಾರೆ. ಕಾಲೇಜು ಮಕ್ಕಳನ್ನು ಮನೆಯಿಂದ ದೂರ ಮಾಡುತ್ತದೆ ಅನ್ನುವ ಮಾತಿಗೆ ನನ್ನ ಹತ್ತಿರ ಉತ್ತರ ಎಲ್ಲಿದೆ?

ಬಡಗಿಯ ಜೊತೆ ಅವನ ಮಗನೂ ಬಂದಿದ್ದ. 15-16 ವರ್ಷದ ಹುಡುಗ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ನೆಲದಿಂದ ಮಹಡಿಗೆ ಟೇಪ್ ಹಿಡಿದ. 105 ಇಂಚು ಬಂತು. ಒಂದು ಕ್ಷಣ ಮೇಲೆ ನೋಡಿದ. "14 ಮೆಟ್ಟಿಲು, ಒಂದೊಂದೂ ಏಳೂವರೆ ಇಂಚು" ಅಂದ. ಕಾಗದ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ. ಆಮೇಲೆ ಹಲಗೆಯ ಮೇಲೆ ಮೂಲೆಮಟ್ಟ ಇಟ್ಟು ಗೆರೆ ಎಳೆಯುತ್ತಾ ಹೋದ. ಒಂದು ಗೆರೆಯನ್ನೂ ಅಳಿಸಲಿಲ್ಲ. ಸಂಜೆ ಹೊತ್ತಿಗೆ ಮೆಟ್ಟಿಲು ನಿಂತಿತ್ತು, ಒಂಚೂರೂ ಅಲುಗಾಡಲಿಲ್ಲ. ಇಂಜಿನಿಯರಿಂಗ್ ಓದಿದ ನಾನು ಸುಮ್ನೆ ನೋಡುತ್ತಾ ನಿಂತಿದ್ದೆ.

ಹುಡುಗ ಓದಿದ್ದು ಎಂಟನೇ ಕ್ಲಾಸು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅಷ್ಟೇ. ಒಂದೇ ಕೋಣೆಯ ಶಾಲೆ, ಎಲ್ಲ ಕ್ಲಾಸಿನ ಮಕ್ಕಳೂ ಒಟ್ಟಿಗೆ. ಪಾಠ ಹೇಳುವವಳು ಅದೇ ಸಮುದಾಯದ ಹುಡುಗಿ, ಅವಳು ಓದಿರುವುದೂ ಸಾಮಾನ್ಯವಾಗಿ ಎಂಟರವರೆಗೆ. ಮನೆಯಲ್ಲಿ ತಮ್ಮದೇ ಒಂದು ಜರ್ಮನ್ ಮಾತು, ಶಾಲೆಯಲ್ಲಿ ಇಂಗ್ಲಿಷು, ಬೈಬಲ್ ಓದಲು ಹಳೆಯ ಜರ್ಮನ್. ಅಂದರೆ ಎಂಟನೇ ಕ್ಲಾಸಿಗೇ ಮೂರು ಬಗೆಯ ಮಾತು ಬರುತ್ತದೆ. ಪ್ರಾರ್ಥನೆಗೆ ಬೇರೆ ಕಟ್ಟಡ ಕಟ್ಟುವುದಿಲ್ಲ, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ಶಾಲೆ ಬಿಟ್ಟ ಮೇಲೆ ಕಲಿಯುವುದೆಲ್ಲ ಬೈಬಲ್ಲಿನಿಂದ, ಹಿರಿಯರಿಂದ, ಕೆಲಸದಿಂದ. ಅಷ್ಟು ಸಾಕು ಅನ್ನುತ್ತಾರೆ. ಸಾಕು ಅಂದಂತೆಯೇ ಬದುಕುತ್ತಾರೆ.

ಇದು ಕದ್ದುಮುಚ್ಚಿ ನಡೆಯುವ ಸಂಗತಿಯಲ್ಲ. ವಿಸ್ಕಾನ್ಸಿನ್‌ನಲ್ಲಿ 16 ವರ್ಷದವರೆಗೆ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕು ಎಂಬ ಕಾನೂನಿತ್ತು. ಎಂಟರ ನಂತರ ಕಳಿಸದ ಮೂವರು ಅಪ್ಪಂದಿರಿಗೆ ತಲಾ 5 ಡಾಲರ್ ದಂಡ ಬಿತ್ತು. ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1972ರಲ್ಲಿ ಕೋರ್ಟು ಅಪ್ಪಂದಿರ ಪರವಾಗಿ ತೀರ್ಪು ಕೊಟ್ಟಿತು. ಅವರ ಧರ್ಮ ಮತ್ತು ಬದುಕಿನ ರೀತಿ ಬೇರೆಬೇರೆಯಲ್ಲ, ಒತ್ತಾಯ ಮಾಡುವಂತಿಲ್ಲ ಅಂದಿತು.

ನನಗೆ ಇವರ ಬಗ್ಗೆ ಗೌರವ ಹುಟ್ಟಿದ್ದು ಇಲ್ಲೇ. ನಂಬಿದ್ದನ್ನು ಮಾಡುತ್ತಾರೆ, ನಷ್ಟವಾದರೂ ಸರಿ. ನಮ್ಮ ಕಡೆ ನೋಡಿ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಭಾವ ವಾರಕ್ಕೊಮ್ಮೆಯಾದರೂ ಒಂದು ಮೆಸೇಜು ಹಾಕುತ್ತಾರೆ. ಎಲ್ಲ ವಿಜ್ಞಾನವೂ ವೇದದಲ್ಲೇ ಇದೆ, ಗೀತೆ ಓದಿದವನಿಗೆ ಬೇರೆ ಓದು ಬೇಕಿಲ್ಲ, ಈ ಕಾಲೇಜುಗಳೇ ನಮ್ಮ ಮಕ್ಕಳನ್ನು ಹಾಳು ಮಾಡಿದ್ದು, ಹೀಗೆ. ಅವರ ಮಗ ಎರಡು ವರ್ಷದಿಂದ ನೀಟ್ ಕೋಚಿಂಗಿನಲ್ಲಿದ್ದಾನೆ. ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದು. ಆ ಹುಡುಗನಿಗೆ ಗೀತೆಯ ಒಂದು ಅಧ್ಯಾಯ ಓದಲೂ ಪುರುಸೊತ್ತಿಲ್ಲ. "ಭಾವ, ಹಾಗಾದ್ರೆ ಅವನನ್ನ ಪಾಠಶಾಲೆಗೆ ಸೇರಿಸಿ" ಅಂದೆ. "ಅದು ಬೇರೆ, ಇದು ಬೇರೆ ಕಣಯ್ಯಾ" ಅಂದರು.

ಈ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಮಕ್ಕಳನ್ನು ನಿಜವಾಗಿಯೂ ಪಾಠಶಾಲೆಗೆ ಕಳಿಸಿ, ಘನ, ಜಟೆ ಅನ್ನುವ ವೇದ ಹೇಳುವ ಕಠಿಣ ಕ್ರಮಗಳೆಲ್ಲ ಬಾಯಿಗೆ ಬರುವವರೆಗೂ ವರ್ಷಗಟ್ಟಲೆ ಕಾಯುವ ಅಪ್ಪ ಅಮ್ಮಂದಿರು ನಮ್ಮಲ್ಲೂ ಇದ್ದಾರೆ. ಅವರು ಇಂಥ ಮೆಸೇಜು ಹಾಕುವುದನ್ನು ನಾನಂತೂ ನೋಡಿಲ್ಲ. ಶಾಸ್ತ್ರ ಓದುವುದು ಎಷ್ಟು ಕಷ್ಟ ಅಂತ ಅವರಿಗೆ ಗೊತ್ತು. ಗೊತ್ತಿಲ್ಲದವರಿಗೇ ಅದು ಕಾಲೇಜಿಗೆ ಬದಲಿ ಅನಿಸುವುದು.

ನಮ್ಮೂರ ಕಡೆಯ ಸ್ವಾಮಿಗಳು ಗ್ರಂಥ ಸಾಕೋ, ಕಾಲೇಜೂ ಬೇಕೋ ಎಂಬ ಪ್ರಶ್ನೆಯನ್ನು ಬಹಳ ಹಿಂದೆಯೇ ಬಗೆಹರಿಸಿದ್ದರು ಅಂತ ನನ್ನ ಅಭಿಪ್ರಾಯ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1930ರಲ್ಲಿ, ಮಠದ ಉತ್ತರಾಧಿಕಾರಿಯಾದವರು. ಮಠದಲ್ಲಿ ಸಂಸ್ಕೃತ ಪಾಠಶಾಲೆ ಇತ್ತು. ಅದನ್ನು ಮುಚ್ಚಲಿಲ್ಲ. ಅದರ ಪಕ್ಕದಲ್ಲೇ ಹೈಸ್ಕೂಲು, ಕಾಲೇಜು ಬಂದವು. 1963ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಶುರುವಾಯಿತು. ಸುತ್ತೂರು ಮಠದವರು 1954ರಲ್ಲಿ ಕಟ್ಟಿದ ಜೆಎಸ್‌ಎಸ್ ವಿದ್ಯಾಸಂಸ್ಥೆಯ ಕಥೆಯೂ ಇಂಥದ್ದೇ. ವಚನ ಇದೆಯಲ್ಲ, ಇನ್ನೇನು ಬೇಕು ಅಂತ ಅವರು ಹೇಳಬಹುದಿತ್ತು. ಹಾಗೆ ಹೇಳುವ ಅಧಿಕಾರವೂ ಇತ್ತು. ಹೇಳಲಿಲ್ಲ.

ನನ್ನ ಜೊತೆ ಓದಿದ ಮಠದ ಹುಡುಗನೊಬ್ಬನಿದ್ದ. ಬರಗಾಲದ ಸೀಮೆಯಿಂದ ಬಂದವನು. ಬೆಳಗ್ಗೆ ಪ್ರಾರ್ಥನೆ ಮುಗಿಸಿ, ವಿಭೂತಿ ಅಳಿಸದೆ ಹಾಗೇ ಕ್ಲಾಸಿಗೆ ಬರುತ್ತಿದ್ದ. ಟ್ರಿಗ್ನಾಮೆಟ್ರಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಈಗ ಕರೆಂಟ್ ಇಲಾಖೆಯಲ್ಲಿ ದೊಡ್ಡ ಇಂಜಿನಿಯರ್. ಅವನಿಗೆ ಬರೀ ವಚನ ಕಲಿಸಿ ಊರಿಗೆ ಕಳಿಸಿದ್ದರೆ ಒಳ್ಳೆಯ ಮನುಷ್ಯನಾಗಿಯೇ ಇರುತ್ತಿದ್ದ, ಅನುಮಾನವಿಲ್ಲ. ಆದರೆ ಅದೇ ಒಣ ಹೊಲದಲ್ಲಿ ಅಪ್ಪನ ಸಾಲ ತೀರಿಸುತ್ತಾ ಇರುತ್ತಿದ್ದ. ಆಮಿಶ್ ಹುಡುಗನಿಗೆ ಎಂಟನೇ ಕ್ಲಾಸು ಸಾಕಾಗುವುದು ಅವನ ಹಿಂದೆ ಜಮೀನಿದೆ, ಕಾರ್ಖಾನೆಯಿದೆ, ಕಷ್ಟಕ್ಕೆ ಓಡಿ ಬರುವ ಇಡೀ ಸಮುದಾಯವಿದೆ ಅಂತ. ಅದ್ಯಾವುದೂ ಇಲ್ಲದವನಿಗೆ ಬರೀ ಗ್ರಂಥ ಕೈಗೆ ಕೊಟ್ಟು ಕಳಿಸಿದರೆ ಅನ್ಯಾಯ, ಅಲ್ವಾ?

ಇಷ್ಟೆಲ್ಲ ಇದ್ದೂ ಆಮಿಶ್ ಜನರಿಗೂ ಕಾಲೇಜು ಬೇಡವಾಗಿಲ್ಲ. ಅದನ್ನು ಬೇರೆಯವರು ಓದಿರಬೇಕು, ಅಷ್ಟೇ. ನಮ್ಮ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಎಷ್ಟೋ ಆಮಿಶ್ ಮನೆಗಳಲ್ಲಿ ಚೆನ್ನಾಗಿದ್ದ ಕೂಸುಗಳು ಒಂದು ಜ್ವರ ಬಂದು ಹೋದ ಮೇಲೆ ಕೈಕಾಲು ಸ್ವಾಧೀನ ಕಳೆದುಕೊಳ್ಳುತ್ತಿದ್ದವು. ದೇವರ ಇಚ್ಛೆ ಅಂತ ಅಪ್ಪ ಅಮ್ಮ ಅವನ್ನು ಎತ್ತಿಕೊಂಡೇ ಸಾಕುತ್ತಿದ್ದರು. 1988ರಲ್ಲಿ ಹೋಮ್ಸ್ ಮಾರ್ಟನ್ ಎಂಬ ಮಕ್ಕಳ ಡಾಕ್ಟರು ಅಂಥ ಒಬ್ಬ ಹುಡುಗನ ಮೂತ್ರ ಪರೀಕ್ಷೆ ಮಾಡಿದರು. ಅದು ಗ್ಲುಟಾರಿಕ್ ಅಸಿಡ್ಯೂರಿಯಾ ಎಂಬ ಕಾಯಿಲೆ, ವಂಶಪಾರಂಪರ್ಯವಾಗಿ ಬರುವುದು, ಪ್ರೋಟೀನಿನ ಒಂದು ಭಾಗ ಮೈಯಲ್ಲಿ ಸರಿಯಾಗಿ ಒಡೆಯುವುದಿಲ್ಲ ಅಂತ ಗೊತ್ತಾಯಿತು. ಹುಟ್ಟಿದ ತಕ್ಷಣ ಕಂಡುಹಿಡಿದು ಆಹಾರ ನೋಡಿಕೊಂಡರೆ, ಜ್ವರ ಬಂದಾಗ ಕೂಡಲೇ ಗ್ಲೂಕೋಸ್ ಏರಿಸಿದರೆ ಎಷ್ಟೋ ಮಕ್ಕಳ ಮೆದುಳು ಉಳಿಯುತ್ತದೆ. ಮಾರ್ಟನ್ ಓದಿದ್ದು ಹಾರ್ವರ್ಡ್‌ನಲ್ಲಿ. ಅವರು ಕ್ಲಿನಿಕ್ ಶುರು ಮಾಡಿದಾಗ ಅದರ ಕಟ್ಟಡವನ್ನು ಆಮಿಶ್ ಬಡಗಿಗಳು ಮತ್ತು ಅವರಿಗೆ ಹತ್ತಿರದ ಮೆನೊನೈಟ್ ಪಂಗಡದ ಬಡಗಿಗಳೇ ಬಂದು ಎತ್ತಿ ನಿಲ್ಲಿಸಿದರು. ಸ್ಟ್ರಾಸ್‌ಬರ್ಗ್‌ನಲ್ಲಿ ಹೊಲಗಳ ನಡುವೆ ಎದ್ದ ಮರದ ಕಟ್ಟಡ ಅದು.

ಮಗುವನ್ನು ಬಿಟ್ಟುಕೊಡದೆ ಸಾಕುವ ಗಟ್ಟಿತನ ಆ ತಾಯಂದಿರಿಗೆ ಬೈಬಲ್ಲಿನಿಂದಲೇ ಬಂದದ್ದು. ಮಗುವಿಗೆ ಏನಾಗಿದೆ ಅಂತ ಅದರಲ್ಲಿ ಬರೆದಿಲ್ಲ. ಅದನ್ನು ತಿಳಿಯಲು ಯಾರೋ ಒಬ್ಬರು ವರ್ಷಗಟ್ಟಲೆ ಕಾಲೇಜಿನಲ್ಲಿ, ಲ್ಯಾಬಿನಲ್ಲಿ ಕೂತಿರಲೇಬೇಕು. ಆ ಹಾರ್ವರ್ಡ್ ಕೂಡ 1636ರಲ್ಲಿ ಹುಟ್ಟಿದ್ದು ಹೆಚ್ಚಾಗಿ ಪಾದ್ರಿಗಳನ್ನು ತಯಾರು ಮಾಡಲು. ಓದು ಬಾರದವರ ಕೈಗೆ ಚರ್ಚು ಹೋದೀತು ಎಂಬ ಭಯ ಅದನ್ನು ಕಟ್ಟಿದವರಿಗಿತ್ತು. ಗ್ರಂಥ ಅರ್ಥವಾಗಲೂ ಕಾಲೇಜು ಬೇಕು ಅಂತ ಅವರೇ ಅಂದುಕೊಂಡಿದ್ದರು.

ಇಷ್ಟು ಹೇಳಿದ ಮೇಲೂ ಒಂದು ಮಾತು ಒಪ್ಪಲೇಬೇಕು. ಆ 1972ರ ಕೇಸಿನಲ್ಲಿ ಜಸ್ಟಿಸ್ ಡಗ್ಲಸ್ ಎಂಬುವರು ಉಳಿದವರ ಜೊತೆ ಪೂರ್ತಿ ಒಪ್ಪಲಿಲ್ಲ. ಅಪ್ಪಂದಿರನ್ನು ಕೇಳಿದಿರಿ ಸರಿ, ಮಕ್ಕಳನ್ನು ಯಾಕೆ ಕೇಳಲಿಲ್ಲ ಎಂಬುದು ಅವರ ತಕರಾರು. ಮಗುವಿಗೆ ಪಿಯಾನೋ ವಾದಕನೋ ಗಗನಯಾತ್ರಿಯೋ ಆಗಬೇಕು ಅನಿಸಿದರೆ ಏನು ಮಾಡುತ್ತೀರಿ ಅಂತ ಬರೆದರು. ಅದನ್ನು ಓದಿ ಮೊದಲು ಆಮಿಶ್ ಹುಡುಗನ ಪರ ಮರುಕವಾಯಿತು. ಆಮೇಲೆ ನಮ್ಮ ಭಾವನ ಮಗ ನೆನಪಾದ. ಅವನಿಗೆ ಮರಗೆಲಸ ಅಂದರೆ ಪ್ರಾಣ. ಚಿಕ್ಕಂದಿನಲ್ಲಿ ಗಣೇಶನ ಹಬ್ಬದ ಮಂಟಪ ಅವನೇ ಮಾಡುತ್ತಿದ್ದ. ನೀಟ್ ಬರೆಯುತ್ತೀಯಾ ಅಂತ ಅವನನ್ನು ಯಾರೂ ಕೇಳಿಲ್ಲ. ನನ್ನನ್ನೂ ಕೇಳಿರಲಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನವೇ ಅಪ್ಪ ಪಿಯು ಸೈನ್ಸ್ ಫಾರಂ ತಂದಿದ್ದರು.

ಆಮಿಶ್ ಹುಡುಗನಿಗೆ ಕಾಲೇಜಿಲ್ಲ, ನಮ್ಮ ಹುಡುಗನಿಗೆ ಕಾಲೇಜು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಆಮಿಶ್ ಹುಡುಗನಿಗೆ ಕೊನೇ ಪಕ್ಷ ಕೈಯಲ್ಲಿ ಕಸುಬಿದೆ, ಸಂಜೆ ಅಪ್ಪನ ಜೊತೆ ಕೂತು ಊಟ ಮಾಡುವುದಿದೆ. ನಮ್ಮವನಿಗೆ ಅದೂ ಇಲ್ಲ. ಕಾಲೇಜೇ ಬೇಕು ಅನ್ನುವ ನನ್ನ ಮಾತು ಬದಲಾಗಿಲ್ಲ. ಆದರೆ ಈ ಸಲ ಊರಿಗೆ ಹೋದಾಗ ಭಾವನ ಜೊತೆ ವೇದದ ವಿಷಯ ವಾದ ಮಾಡುವುದಿಲ್ಲ. ಅವರ ಎದುರಿಗೇ ಹುಡುಗನನ್ನು ಕೂರಿಸಿಕೊಂಡು, ಏನು ಓದಬೇಕು ಅಂತ ಅವನನ್ನೇ ಕೇಳುತ್ತೇನೆ.