ಇ ಗ್ರೇಡ್ ವೃಷಭಾವತಿ

ಬೆಂಗಳೂರಿನಲ್ಲಿ ತಪ್ಪದೇ ನಡೆಯುವ ಸರ್ಕಾರಿ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ವೃಷಭಾವತಿ ನದಿಯ ನೀರಿನ ಪರೀಕ್ಷೆಯನ್ನೇ ಹೇಳುತ್ತೇನೆ. ಕಸದ ಗಾಡಿ ಬರದೇ ಇರಬಹುದು, ಬೀದಿ ದೀಪ ಉರಿಯದೇ ಇರಬಹುದು, ಇದು ಮಾತ್ರ ನಿಂತಿಲ್ಲ. ಕ್ಯಾನ್ ಬರುತ್ತದೆ, ನೀರು ತುಂಬಿಸಿಕೊಂಡು ಲ್ಯಾಬಿಗೆ ಹೋಗುತ್ತದೆ, ಮಾರ್ಕ್ಸ್ ಕಾರ್ಡ್ ಹೊರಗೆ ಬೀಳುತ್ತದೆ. ಗ್ರೇಡ್: ಇ. ಕೆಲವೊಮ್ಮೆ ಅದಕ್ಕೂ ಗತಿಯಿಲ್ಲ, 'ಇ'ಗಿಂತ ಕೆಳಗೆ. ಮುಂದಿನ ತಿಂಗಳು ಮತ್ತೆ ಕ್ಯಾನ್.

ಶಾಲೆಯಲ್ಲಿ ಒಬ್ಬ ಹುಡುಗ ಇಷ್ಟು ವರ್ಷ ಒಂದೇ ಸಮ ಡುಮ್ಕಿ ಹೊಡೆದಿದ್ದರೆ ಮೇಷ್ಟ್ರು ಒಂದು ಸಲವಾದರೂ ಮನೆಗೆ ಹೋಗಿ, "ಏನಮ್ಮಾ, ಮನೇಲಿ ಏನಾದ್ರೂ ತೊಂದರೆನಾ?" ಎಂದು ವಿಚಾರಿಸುತ್ತಿದ್ದರು. ನಮ್ಮಲ್ಲಿ ಪರೀಕ್ಷೆ ಮಾತ್ರ ಉಂಟು, ಪಾಠ ಇಲ್ಲ.

ಗ್ರೇಡ್ ಕೊಡುವ ಪದ್ಧತಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ಎ ಅಂದರೆ ಕ್ಲೋರಿನ್ ಹಾಕಿ ಕುಡಿಯಬಹುದಾದ ನೀರು. ಬಿ ಸ್ನಾನಕ್ಕೆ. ಸಿ ಪೂರ್ತಿಯಾಗಿ ಶುದ್ಧ ಮಾಡಿ ಕುಡಿಯುವುದಕ್ಕೆ. ಡಿ ಮೀನಿಗೆ, ಕಾಡುಪ್ರಾಣಿಗೆ. ಕೊನೆಗೆ ಇ: ಹೊಲಕ್ಕೆ ಹಾಯಿಸಲು, ಕಾರ್ಖಾನೆ ಯಂತ್ರ ತಂಪು ಮಾಡಲು ಮತ್ತು 'ನಿಯಂತ್ರಿತವಾಗಿ' ತ್ಯಾಜ್ಯ ಬಿಡಲು. ಇದಕ್ಕೆಲ್ಲ ಒಟ್ಟು ತಲೆಬರಹ 'ಅತ್ಯುತ್ತಮ ಬಳಕೆ'. ಅಂದರೆ ಕೊಳಚೆ ಬಿಡುವುದೂ ಒಂದು ಅತ್ಯುತ್ತಮ ಬಳಕೆಯೇ. ಸುಮ್ನೆ ಬೈಯಬಾರದು, ಬೆಂಗಳೂರು ಈ ನಿಯಮವನ್ನು ಅಕ್ಷರಕ್ಷರ ಪಾಲಿಸುತ್ತಿದೆ. 'ನಿಯಂತ್ರಿತ' ಅನ್ನೋ ಒಂದು ಪದವನ್ನು ಮಾತ್ರ ಬಿಟ್ಟಿದೆ.

ನನಗೆ ತುಂಬಾ ಇಷ್ಟವಾಗಿದ್ದು ಮಾನದಂಡಗಳ ಪಟ್ಟಿ. ಎ ಗ್ರೇಡಿಗೆ ಲೀಟರಿಗೆ ಕನಿಷ್ಠ 6 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಮೀನಿನ ಡಿ ಗ್ರೇಡಿಗೂ 4 ಬೇಕು. ಇ ಗ್ರೇಡಿಗೆ? ಆಮ್ಲಜನಕದ ಸುದ್ದಿಯೇ ಇಲ್ಲ. ಮಲದಿಂದ ಬರುವ ಬ್ಯಾಕ್ಟೀರಿಯಾ ಎಷ್ಟಿದೆ ಎಂದೂ ಕೇಳುವುದಿಲ್ಲ. ಹುಳಿ-ಕ್ಷಾರದ ಅಳತೆ (ಪಿಎಚ್) 6ರಿಂದ 8.5ರ ಒಳಗಿರಬೇಕು, ಉಪ್ಪಿನಂಶ ಇಷ್ಟು, ಸೋಡಿಯಂ ಇಷ್ಟು, ಬೋರಾನ್ 2 ಮಿಲಿಗ್ರಾಂ ಮೀರಬಾರದು. ಮುಗಿಯಿತು. ಬೋರಾನ್ ಕೇಳಿದಿರಲ್ಲ ಸ್ವಾಮಿ, ಹಾಗೇ ಒಂದು ಮಾತು ವಾಸನೆಯನ್ನೂ ಕೇಳಬಾರದಿತ್ತಾ? ಮೈಸೂರು ರಸ್ತೆಯ ಬಸ್ಸಿನಲ್ಲಿ "ಕೆಂಗೇರಿ ಬಂತಾ?" ಎಂದು ಯಾರೂ ಕಂಡಕ್ಟರನ್ನು ಕೇಳುವುದಿಲ್ಲ. ಕಣ್ಣು ಮುಚ್ಚಿ ತೂಕಡಿಸುತ್ತಿದ್ದವರೂ ತಾವಾಗಿಯೇ ಎದ್ದು ಬ್ಯಾಗ್ ತೆಗೆದುಕೊಳ್ಳುತ್ತಾರೆ.

ಇಷ್ಟು ಸಲೀಸಾದ ಪ್ರಶ್ನೆಪತ್ರಿಕೆ ಕೊಟ್ಟರೂ ಫೇಲಾಗಬೇಕಾದರೆ ಅದಕ್ಕೆ ನಿಜವಾಗಿಯೂ ಶ್ರಮ ಬೇಕು. ಆ ಶ್ರಮವನ್ನು ನಾವೆಲ್ಲ ಸೇರಿ ಹಾಕಿದ್ದೇವೆ.

ಪರೀಕ್ಷೆ ನಡೆಯುವ ರೀತಿಯೂ ನೋಡುವಂಥದ್ದು. ಸಣ್ಣ ಗಾಜಿನ ಬಾಟಲಿಯಲ್ಲಿ ಗಾಳಿಗುಳ್ಳೆ ಒಂದೂ ಸೇರದ ಹಾಗೆ ನೀರು ತುಂಬಿಸುತ್ತಾರೆ. ನದಿ ದಂಡೆಯಲ್ಲೇ ಅದಕ್ಕೆ ಮ್ಯಾಂಗನೀಸಿನ ದ್ರಾವಣ ಒಂದಿಷ್ಟು, ಅಯೋಡೈಡ್ ಬೆರೆಸಿದ ಕ್ಷಾರ ಒಂದಿಷ್ಟು ಬಿಡುತ್ತಾರೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಬಾಟಲಿಯೊಳಗೆ ಕಂದು ಬಣ್ಣದ ಮೋಡ ಏಳುತ್ತದೆ, ಆಮೇಲೆ ನಿಧಾನವಾಗಿ ತಳ ಸೇರುತ್ತದೆ. ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. ಕಪ್ಪು ನದಿಯ ಪಕ್ಕ ನಿಂತು ಬಾಟಲಿಯಲ್ಲಿ ಬೆಳ್ಳಗಿನದ್ದನ್ನು ಕಂಡರೆ ಏನೂ ತಿಳಿಯದವನು ಖುಷಿಪಟ್ಟಾನು. ತಿಳಿದವನು ಮುಚ್ಚಳ ಹಾಕಿ ಐಸ್ ಪೆಟ್ಟಿಗೆಗೆ ಇಡುತ್ತಾನೆ.

ಬಿಒಡಿ ಪರೀಕ್ಷೆ ಇನ್ನೂ ಸೊಗಸು. ನೀರಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂದು ತಿಳಿಯಲು ಬಾಟಲಿಯನ್ನು 27 ಡಿಗ್ರಿಯಲ್ಲಿ 3 ದಿನ ಇಡಬೇಕು. ಆದರೆ ಕೊಳಚೆ ಜಾಸ್ತಿಯಾದರೆ 3 ದಿನಕ್ಕೆ ಮೊದಲೇ ಬಾಟಲಿಯ ಉಸಿರು ನಿಂತು ಲೆಕ್ಕ ಕೆಡುತ್ತದೆ. ಅದಕ್ಕೆ ಒಳ್ಳೆಯ ನೀರು ಬೆರೆಸಿ ತೆಳುವಾಗಿಸಿ ಅಳೆಯುತ್ತಾರೆ. ನದಿ ಎಷ್ಟು ಕೆಟ್ಟಿದೆ ಎಂದು ತಿಳಿಯುವುದಕ್ಕೂ ಒಂದಿಷ್ಟು ಒಳ್ಳೆ ನೀರು ಬೇಕು ನೋಡಿ. ಹೀಗೇ ಹೋದರೆ ಅದಕ್ಕೂ ಟ್ಯಾಂಕರ್ ಹೇಳಬೇಕು.

ಇ ಗ್ರೇಡಿನ ಕೆಳಗೆ ಇನ್ನೂ ಒಂದೆರಡು ಗ್ರೇಡ್ ಬೇಕು ಎನ್ನುವುದು ನನ್ನ ಬಹುದಿನದ ಬೇಡಿಕೆ. 'ಇ'ಗಿಂತ ಕೆಳಗೆ ಎಂದು ಬರೆದರೆ ನದಿಗೂ ಅವಮಾನ, ಮಂಡಳಿಗೂ ಕಷ್ಟ. ಎಫ್ ಗ್ರೇಡ್: ಗಾಜು ಏರಿಸಿಕೊಂಡು ದಾಟಲು ಯೋಗ್ಯ. ಇದು ವೃಷಭಾವತಿಗೆ ಕಣ್ಣುಮುಚ್ಚಿ ಕೊಡಬಹುದು. ಜಿ ಗ್ರೇಡ್: ಉರಿಯಲು ಯೋಗ್ಯ. ಇದಕ್ಕೆ ಊರಿನ ಇನ್ನೊಂದು ಮಗ್ಗುಲಿಗೆ, ಬೆಳ್ಳಂದೂರಿಗೆ ಹೋಗಬೇಕು. ಆ ಕೆರೆಗೆ 2015ರಲ್ಲಿ ಬೆಂಕಿ ಬಿತ್ತು, 2017ರಲ್ಲಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು. ಕೊನೆಯ ಸಲ ಆರಿಸಲು ಸಾವಿರಾರು ಸೈನಿಕರು ಇಳಿಯಬೇಕಾಯಿತು. ಕೆರೆಗೆ ಬೆಂಕಿ ಬಿದ್ದಾಗ ಯಾವ ಕೆರೆಯ ನೀರು ತಂದು ಹಾಕುವುದು ಎಂಬ ಪ್ರಶ್ನೆ ಬೇರೆ ಯಾವ ಊರಿಗೆ ಬಂದಿದೆ ಹೇಳಿ.

ಎಚ್ ಗ್ರೇಡನ್ನು ನೊರೆಗೆ ಮೀಸಲಿಡೋಣ. ನಮ್ಮ ಬಟ್ಟೆ ತೊಳೆಯುವ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಎಲ್ಲ ಕೆರೆ ಸೇರಿ, ಕೋಡಿಯಲ್ಲಿ ಧುಮುಕುವಾಗ ಗಾಳಿ ಬೆರೆತು, ಆಳೆತ್ತರದ ನೊರೆ ರಸ್ತೆಗೆ ಬಂತು. ಸ್ಕೂಟರಿನವರ ಮುಖಕ್ಕೆ ರಾಚಿತು. ವಿಜ್ಞಾನಿಗಳು ಫಾಸ್ಫೇಟ್ ಎಂದರು, ಕೊಳಚೆ ನಿಲ್ಲಿಸಿ ಎಂದರು, ವರದಿ ಕೊಟ್ಟರು. ನಾವು ಬಲೆ ಕಟ್ಟಿದೆವು. ನಿಜವಾಗಿಯೂ, ರಸ್ತೆ ಬದಿಗೆ ಎತ್ತರದ ಬಲೆ. ಮೀನಿಲ್ಲದ ಕೆರೆಯಲ್ಲಿ ಬಲೆ ಹಾಕಿ ಏನಾದರೂ ಹಿಡಿದ ಕೀರ್ತಿ ನಮಗೇ ಸಲ್ಲಬೇಕು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ಪೀಠ ರಾಜ್ಯಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕಿತು. ಯಾರ ಜೇಬಿನಿಂದ ಎಂದು ಕೇಳಬೇಡಿ, ನಿಮ್ಮದನ್ನೇ ಮುಟ್ಟಿ ನೋಡಿಕೊಳ್ಳಿ.

ಬೆಳ್ಳಂದೂರು ಇರುವ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಕೊಡುತ್ತಿದ್ದೇವೆ. ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಶುರುವಾದ ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲೂ ನೊರೆ ಎದ್ದು ವಿಷಯ ಹೈಕೋರ್ಟಿಗೆ ಹೋಯಿತು. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಕೊಡಿ ಎಂದು ಅಲ್ಲಿಯ ರೈತರು ಅಂದಿನಿಂದ ಕೇಳುತ್ತಲೇ ಇದ್ದಾರೆ. ಅವರಿಗೆ ಸಿಗುವ ಉತ್ತರ ಗೊತ್ತಲ್ಲ: ಪರೀಕ್ಷೆ ಮಾಡಿಸಿದ್ದೇವೆ.

ಮತ್ತೆ ವೃಷಭಾವತಿಗೆ ಬರೋಣ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬುಡದಲ್ಲಿ ಹುಟ್ಟಿದವಳು ಎಂದು ಪ್ರತೀತಿ. ಗಾಳಿ ಆಂಜನೇಯನ ಗುಡಿ ದಾಟಿ, ಕೆಂಗೇರಿ ದಾಟಿ, ಬಿಡದಿ ಹತ್ತಿರ ಬೈರಮಂಗಲ ಕೆರೆ ಸೇರುತ್ತಾಳೆ. ಆ ಕೆರೆ ಕಟ್ಟಿದ್ದು ಭತ್ತ ಬೆಳೆಯಲು. ಈಗ ರೈತರು ಬೇಬಿ ಕಾರ್ನ್, ಹಿಪ್ಪುನೇರಳೆ, ದನದ ಮೇವು ಎಂದು ಆ ನೀರು ತಡೆಯುವ ಬೆಳೆಗೆ ತಿರುಗಿದ್ದಾರೆ. ಕೆರೆ ಉಳಿಸಲು ಸರ್ಕಾರ ಒಂದು ಉಪಾಯ ತೆಗೆಯಿತು: ಕೊಳಚೆಯನ್ನು ಕೆರೆಗೆ ಬಿಡದೆ ಪಕ್ಕದಲ್ಲಿ ಕಾಲುವೆ ತೋಡಿ ಮುಂದಕ್ಕೆ ಕಳಿಸುವುದು. ಮುಂದಕ್ಕೆ ಅಂದರೆ ಎಲ್ಲಿಗೆ? ಅರ್ಕಾವತಿಗೆ. ಅಲ್ಲಿಂದ? ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಗೆ.

ಇಲ್ಲೊಂದು ಜಾಣತನ ಇದೆ, ಗಮನಿಸಿ. ಬೆಂಗಳೂರು ಕಾವೇರಿಯನ್ನು ಸುಮಾರು 100 ಕಿ.ಮೀ. ದೂರದಿಂದ ತರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ ಮೇಲಕ್ಕೆ ಎತ್ತುತ್ತದೆ. ಎತ್ತುವ ಜಾಗ ಸಂಗಮಕ್ಕಿಂತ ಮೇಲಿದೆ, ವೃಷಭಾವತಿ ಸೇರುವುದು ಸಂಗಮದಲ್ಲಿ. ನಾವು ಕುಡಿಯುವುದು ಮೇಲಿನದು, ಬಿಡುವುದು ಕೆಳಗೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಏರ್ಪಾಡಾಯಿತು. ತಂದ ನೀರಿನ ಬಹುಪಾಲು ಕೊಳಚೆಯಾಗಿ ಹೊರಗೆ ಹೋಗಲೇಬೇಕಲ್ವಾ? ಆರನೇ ಹಂತ ಅದೇ, ತಾನಾಗಿಯೇ ಆಗುತ್ತದೆ, ಉದ್ಘಾಟನೆ ಬೇಕಿಲ್ಲ.

ತಮಿಳುನಾಡು 2015ರಲ್ಲಿ ಈ ಕೊಳಕಿನ ವಿರುದ್ಧವೇ ಸುಪ್ರೀಂ ಕೋರ್ಟಿಗೆ ಹೋಯಿತು. ಆದರೆ ನಮ್ಮಲ್ಲಿ ಕಾವೇರಿ ಎಂದರೆ ಟಿಎಂಸಿ ಮಾತ್ರ. ಮಳೆ ಕೈಕೊಟ್ಟ ವರ್ಷ "ಒಂದು ಹನಿ ಬಿಡಲ್ಲ" ಎಂದು ಮಂಡ್ಯದಲ್ಲಿ ಹೆದ್ದಾರಿ ತಡೆಯುತ್ತೇವೆ, ಬೆಂಗಳೂರು ಬಂದ್ ಮಾಡುತ್ತೇವೆ. ಬಂದ್ ದಿನ ರಜಾ, ಮನೆಯಲ್ಲಿ ಎಲ್ಲರೂ ಇರುತ್ತಾರೆ, ಫ್ಲಶ್ ಜಾಸ್ತಿ. ಆ ನೀರು ಯಾವ ಆದೇಶಕ್ಕೂ ಕಾಯದೆ ಹೊರಟಿರುತ್ತದೆ. ಸುಪ್ರೀಂ ಕೋರ್ಟಿನ 2018ರ ಫೆಬ್ರವರಿಯ ತೀರ್ಪಿನ ಪ್ರಕಾರ ಸಾಮಾನ್ಯ ವರ್ಷದಲ್ಲಿ ಗಡಿಯ ಅಳತೆ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ದಾಟಬೇಕು. ಬಿಳಿಗುಂಡ್ಲು ಇರುವುದು ಸಂಗಮದ ಕೆಳಗೆ. ಹಾಗಾಗಿ ವೃಷಭಾವತಿ ಹೊತ್ತು ತಂದದ್ದೂ ಆ ಲೆಕ್ಕಕ್ಕೆ ಜಮಾ ಆಗುತ್ತದೆ, ಟಿಎಂಸಿಯ ಪುಸ್ತಕದಲ್ಲಿ ಗ್ರೇಡ್ ಬರೆಯುವ ಕಾಲಂ ಇಲ್ಲ. ಇಷ್ಟು ದಿನ ಈ ಹುಡುಗಿಯನ್ನು ಫೇಲ್ ಎಂದು ಆಡಿಕೊಂಡವರು ಸ್ವಲ್ಪ ಯೋಚಿಸಬೇಕು. ರಾಜ್ಯದ ಸಾಲ ತೀರಿಸಲು ಮಳೆಗಾಲ, ಬೇಸಿಗೆ ಎನ್ನದೆ ದುಡಿಯುತ್ತಿರುವ ನದಿ ಇವಳೊಬ್ಬಳೇ.