ಟ್ಯಾಂಕಿಗೂ ಬ್ಯಾಟರಿ: ಡೆಟ್ರಾಯಿಟ್‌ನವರ ದಾರಿ, ನಮ್ಮ ದಾರಿ

ಸೇನೆಯ ಗಾಡಿಗಳಿಗೆ ಬ್ಯಾಟರಿ ಬರ್ತಿದೆ ಅಂದಾಗಲೆಲ್ಲ ಊರಿನ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: "ಯುದ್ಧದ ಮಧ್ಯೆ ಚಾರ್ಜ್ ಎಲ್ಲಿ ಮಾಡ್ತಾರೆ?" ಎಲ್ಲೂ ಮಾಡುವುದಿಲ್ಲ. ಕಂಪನಿಗಳು ಈಗ ಹೆಚ್ಚಾಗಿ ಕೆಲಸ ಮಾಡುತ್ತಿರುವುದು ಹೈಬ್ರಿಡ್ ಮೇಲೆ. ಗಾಡಿಯೊಳಗಿನ ಡೀಸೆಲ್ ಎಂಜಿನ್ನೇ ಬ್ಯಾಟರಿಗೆ ಚಾರ್ಜ್ ಕೊಡುತ್ತದೆ. ಪೂರ್ತಿ ಬ್ಯಾಟರಿಯ ಟ್ಯಾಂಕ್ ಸದ್ಯಕ್ಕಂತೂ ಆಗದ ಮಾತು. ಒಂದು ಕಿಲೋ ಡೀಸೆಲ್‌ನಲ್ಲಿ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು 12 ಯೂನಿಟ್ ಶಕ್ತಿ ಇರುತ್ತದೆ. ಒಂದು ಕಿಲೋ ಬ್ಯಾಟರಿ ಪ್ಯಾಕ್‌ನಲ್ಲಿ ಕಾಲು ಯೂನಿಟ್ ಕೂಡ ಇರುವುದಿಲ್ಲ. ಎಂಜಿನ್ ಡೀಸೆಲ್‌ನ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವಾಗಿ ಕಳೆಯುತ್ತದೆ, ನಿಜ. ಆದರೂ ಅಂತರ ಸಣ್ಣದಲ್ಲ. ಜಿಎಂಸಿಯ ಎಲೆಕ್ಟ್ರಿಕ್ ಹಮ್ಮರ್ ಕಾರಿನ ಬ್ಯಾಟರಿಯೊಂದೇ ಸುಮಾರು 1,300 ಕಿಲೋ ತೂಗುತ್ತದೆ. 60 ಟನ್ ಟ್ಯಾಂಕಿಗೆ ಎಷ್ಟು ಬೇಕಾದೀತು, ನೀವೇ ಲೆಕ್ಕ ಹಾಕಿ.

ನಾನಿರುವುದು ಮಿಶಿಗನ್ ರಾಜ್ಯದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಊರು. ಕಾರಿನ ಬ್ಯಾಟರಿಯನ್ನು ಬೇಸಿಗೆಯಲ್ಲಿ ತಂಪಾಗಿ, ಚಳಿಯಲ್ಲಿ ಬೆಚ್ಚಗೆ ಇಡುವ ವ್ಯವಸ್ಥೆ ಮಾಡುವುದು ನನ್ನ ಕೆಲಸ. ಇಲ್ಲಿ ಮೌಂಡ್ ರೋಡ್ ಅಂತ ಒಂದು ಅಗಲ ರಸ್ತೆಯಿದೆ. ಅದರಲ್ಲಿ ಉತ್ತರಕ್ಕೆ ಬರುತ್ತಿದ್ದರೆ ವಾರೆನ್ ಊರಿನಲ್ಲಿ ಡೆಟ್ರಾಯಿಟ್ ಆರ್ಸೆನಲ್ ಸಿಗುತ್ತದೆ. 1941ರಲ್ಲಿ ಕ್ರೈಸ್ಲರ್ ಕಂಪನಿ ಟ್ಯಾಂಕ್ ಮಾಡಲು ಶುರು ಮಾಡಿದ ಜಾಗ ಅದು. ಇವತ್ತು ಅಮೆರಿಕದ ಸೇನೆ ತನ್ನ ಗಾಡಿಗಳ ಸಂಶೋಧನೆ ನಡೆಸುವುದು ಅಲ್ಲೇ. ಸ್ವಲ್ಪ ಮುಂದೆ ಜನರಲ್ ಮೋಟರ್ಸ್‌ನ ಟೆಕ್ನಿಕಲ್ ಸೆಂಟರ್. ಇನ್ನೂ ಮುಂದೆ ಬಂದರೆ ಏಬ್ರಮ್ಸ್ ಟ್ಯಾಂಕಿನ ಜನರಲ್ ಡೈನಾಮಿಕ್ಸ್ ಲ್ಯಾಂಡ್ ಸಿಸ್ಟಮ್ಸ್. ಕಾರು ಮಾಡುವವರು, ಟ್ಯಾಂಕ್ ಮಾಡುವವರು, ಟ್ಯಾಂಕ್ ಬೇಕಾದವರು, ಮೂವರೂ ಒಂದೇ ರಸ್ತೆಯ ಆಸುಪಾಸು. ಒಂದು ಕಡೆ ಕೆಲಸ ಮಾಡಿದವರು ಇನ್ನೊಂದು ಕಡೆಗೆ ಹೋಗುವುದು ಇಲ್ಲಿ ದಿನನಿತ್ಯದ ಸಂಗತಿ. ಅಮೆರಿಕದವರ ನಿಜವಾದ ಬಲ ಇದು ಅಂತ ನನಗನಿಸುತ್ತದೆ. ದುಡ್ಡು ಆಮೇಲಿನ ಮಾತು.

ಇವರಿಗೆ ಬ್ಯಾಟರಿ ಯಾಕೆ ಬೇಕಾಯಿತು? ಏಬ್ರಮ್ಸ್‌ನಲ್ಲಿ 1,500 ಅಶ್ವಶಕ್ತಿಯ ಟರ್ಬೈನ್ ಇದೆ. ಸುಮಾರು 1,900 ಲೀಟರ್ ಇಂಧನ ತುಂಬಬೇಕು. ಓಡುವಾಗ ಕುಡಿಯುವುದು ಹಾಗಿರಲಿ, ಎಂಜಿನ್ ಚಾಲೂ ಇಟ್ಟು ನಿಂತಿದ್ದರೂ ಗಂಟೆಗೆ ಸುಮಾರು 40 ಲೀಟರ್ ಖಾಲಿ. ಟ್ಯಾಂಕ್ ಅನ್ನುವುದು ಯುದ್ಧದಲ್ಲಿ ಓಡುವುದಕ್ಕಿಂತ ನಿಂತು ಕಾಯುವುದೇ ಜಾಸ್ತಿ. ಕಾಯುವಾಗಲೂ ರೇಡಿಯೊ ಬೇಕು, ರಾತ್ರಿ ಕಾಣುವ ಕ್ಯಾಮೆರಾ ಬೇಕು, ಕಂಪ್ಯೂಟರ್ ಬೇಕು. ದೊಡ್ಡ ಬ್ಯಾಟರಿ ಇದ್ದರೆ ಎಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಸುಮ್ನೆ ಕೂರಬಹುದು. ಸದ್ದಿಲ್ಲ, ಹೊಗೆಯಿಲ್ಲ, ಶತ್ರುವಿನ ಕ್ಯಾಮೆರಾಗೆ ಕಾಣುವ ಬಿಸಿಯೂ ಕಡಿಮೆ. ಇಲ್ಲಿಯವರು ಇದನ್ನು 'ಸೈಲೆಂಟ್ ವಾಚ್' ಅನ್ನುತ್ತಾರೆ.

ಇಂಧನವನ್ನು ಹೊತ್ತು ತರುವವರ ಕಥೆ ಇದಕ್ಕಿಂತ ಕಠಿಣ. ಅಮೆರಿಕ ಸೇನೆಯದೇ ಒಂದು ಸಂಸ್ಥೆ 2009ರಲ್ಲಿ ಲೆಕ್ಕ ಹಾಕಿ ಹೇಳಿತು: 2007ರಲ್ಲಿ ಅಫ್ಘಾನಿಸ್ತಾನದಲ್ಲಿ ಇಂಧನ ಸಾಗಿಸಿದ ಪ್ರತಿ 24 ಕಾನ್ವಾಯ್‌ಗೆ ಒಬ್ಬರು ಸತ್ತರು ಇಲ್ಲವೇ ಗಾಯಗೊಂಡರು. ಮುಂದೆ ನಿಂತ ಗಾಡಿ ಅರ್ಧ ಇಂಧನ ಉಳಿಸಿದರೆ ಹಿಂದಿನಿಂದ ಬರುವ ಲಾರಿಗಳಲ್ಲಿ ಅರ್ಧದಷ್ಟು ರಸ್ತೆಗೆ ಇಳಿಯುವುದೇ ಬೇಡ. ಹೈಬ್ರಿಡ್ ಪರವಾಗಿ ನನಗೆ ಇದಕ್ಕಿಂತ ದೊಡ್ಡ ವಾದ ಬೇಕಾಗಿಲ್ಲ.

ವಿಷಯ ಹೊಸದೇನೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಫ್ರೆಂಚರ ಸೇಂಟ್ ಶಾಮೊಂ ಟ್ಯಾಂಕಿನಲ್ಲಿ ಪೆಟ್ರೋಲ್ ಎಂಜಿನ್ ಕರೆಂಟ್ ಹುಟ್ಟಿಸುತ್ತಿತ್ತು, ಮೋಟರ್ ಚಕ್ರ ತಿರುಗಿಸುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಫರ್ಡಿನಾಂಡ್ ಪೋರ್ಷೆ ಅದೇ ದಾರಿ ಹಿಡಿದರು, ಗಾಡಿ ತೂಕ ಜಾಸ್ತಿಯಾಗಿ ಪದೇ ಪದೇ ಕೆಟ್ಟಿತು. ಅಂದು ಇಲ್ಲದ್ದು ಒಳ್ಳೆ ಬ್ಯಾಟರಿ ಮತ್ತು ಕರೆಂಟನ್ನು ಹದ್ದುಬಸ್ತಿನಲ್ಲಿಡುವ ಎಲೆಕ್ಟ್ರಾನಿಕ್ಸ್. ಎರಡನ್ನೂ ನಮಗೆ ತಂದುಕೊಟ್ಟದ್ದು ಸೇನೆಯಲ್ಲ, ಮೊಬೈಲ್ ಮತ್ತು ಕಾರು.

ಈಗಿನ ಕಂಪನಿಗಳು ಇದನ್ನೇ ಬಳಸಿಕೊಳ್ಳುತ್ತಿವೆ. ಜನರಲ್ ಮೋಟರ್ಸ್‌ನ ಸೇನಾ ವಿಭಾಗ ಜಿಎಂ ಡಿಫೆನ್ಸ್ ಒಂಬತ್ತು ಸೈನಿಕರು ಕೂರುವ ತೆರೆದ ಗಾಡಿ ಮಾಡಿತು. ಅದರ ಬುನಾದಿ ಶೆವರ್ಲೆ ಕೊಲೊರಾಡೊ ಪಿಕಪ್. ನೂರಕ್ಕೆ ತೊಂಬತ್ತು ಬಿಡಿಭಾಗ ಅಂಗಡಿಯಲ್ಲಿ ಸಿಗುವಂಥದ್ದು. 2020ರ ಜೂನ್‌ನಲ್ಲಿ ಆರ್ಡರ್ ಬಂತು, 120 ದಿನದಲ್ಲಿ ಮೊದಲ ಗಾಡಿ ಕೈಗೆ ಕೊಟ್ಟರು. ಆಮೇಲೆ ಅದೇ ಗಾಡಿಗೆ ತಮ್ಮದೇ ಬೋಲ್ಟ್ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಕೂರಿಸಿ ಓಡಿಸಿ ತೋರಿಸಿದರು. 2024ರಲ್ಲಿ ಸಿಲ್ವರಾಡೊ ಪಿಕಪ್ ಮೇಲೆ ಕಟ್ಟಿದ ಹೈಬ್ರಿಡ್ ತಂದರು. ಜನರಲ್ ಡೈನಾಮಿಕ್ಸ್ 2022ರಲ್ಲಿ ಏಬ್ರಮ್ಸ್‌ಎಕ್ಸ್ ಅನ್ನುವ ಹೈಬ್ರಿಡ್ ಟ್ಯಾಂಕಿನ ಮಾದರಿ ಇಟ್ಟು, ಅರ್ಧದಷ್ಟು ಇಂಧನ ಸಾಕು ಅಂದಿತು. ಬಿಎಇ ಸಿಸ್ಟಮ್ಸ್ ಕಂಪನಿಗೆ, ಸೈನಿಕರನ್ನು ಹೊತ್ತೊಯ್ಯುವ ಬ್ರಾಡ್ಲಿ ಕವಚದ ಗಾಡಿಯನ್ನು ಹೈಬ್ರಿಡ್ ಮಾಡಲು 2020ರಲ್ಲಿ ಸೇನೆ 3.2 ಕೋಟಿ ಡಾಲರ್ ಕೊಟ್ಟಿತು. ಯುರೋಪಿನಲ್ಲೂ ನಡೆದಿದೆ: ಫ್ರಾನ್ಸ್‌ನಲ್ಲಿ ಆರ್ಕಸ್ ಕಂಪನಿಯ ಸ್ಕರಾಬೆ ಹೈಬ್ರಿಡ್ ಗಾಡಿ, ಎಸ್ಟೋನಿಯಾದಲ್ಲಿ ಮಿಲ್ರೆಮ್ ಕಂಪನಿಯ ಡೀಸೆಲ್-ಎಲೆಕ್ಟ್ರಿಕ್ ರೋಬೋ ಗಾಡಿ. ಬ್ರಿಟಿಷರು ಸೇವೆಯಲ್ಲಿದ್ದ ಹಳೆ ಲ್ಯಾಂಡ್ ರೋವರ್‌ಗಳ ಎಂಜಿನ್ ಇಳಿಸಿ ಮೋಟರ್ ಹಾಕಿಯೂ ನೋಡಿದ್ದಾರೆ.

ನನಗೆ ಮನಸ್ಸಿಗೆ ತಟ್ಟಿದ್ದು ವಿಸ್ಕಾನ್ಸಿನ್‌ನ ಓಶ್‌ಕಾಶ್ ಕಂಪನಿಯ ಕಥೆ. ಇವರೇ ಅಂಚೆ ಇಲಾಖೆಗೆ ಎಲೆಕ್ಟ್ರಿಕ್ ವ್ಯಾನ್ ಮಾಡುವವರು. ಜೆಎಲ್‌ಟಿವಿ ಅನ್ನುವ ಕವಚದ ಗಾಡಿಯನ್ನು ಸೇನೆಗೆ ಕೊಡುತ್ತಿದ್ದವರೂ ಇವರೇ. ಹೈಬ್ರಿಡ್ ಮಾಡಿಕೊಡಿ ಅಂತ ಆರ್ಡರ್ ಬರುವ ಮೊದಲೇ 2022ರ ಜನವರಿಯಲ್ಲಿ ಅದರ ಹೈಬ್ರಿಡ್ ರೂಪ ತಯಾರು ಮಾಡಿ ಮುಂದಿಟ್ಟರು. 30 ಯೂನಿಟ್ ಬ್ಯಾಟರಿ, ಗಾಡಿಯ ಎಂಜಿನ್‌ನಿಂದಲೇ ಅರ್ಧ ಗಂಟೆಯಲ್ಲಿ ಚಾರ್ಜ್. ಜೊತೆಗೆ ಹೊರಗಿನ ಉಪಯೋಗಕ್ಕೆ 115 ಕಿಲೋವ್ಯಾಟ್ ಕರೆಂಟ್. ಅಂದರೆ ಹಿಂದೆ ಎಳೆದುಕೊಂಡು ಹೋಗುವ ಜನರೇಟರ್ ಟ್ರೇಲರ್ ಬೇಕಿಲ್ಲ, ಒಂದು ಫೀಲ್ಡ್ ಆಸ್ಪತ್ರೆಗೂ ಕರೆಂಟ್ ಕೊಡಬಹುದು. ಇಷ್ಟೆಲ್ಲ ಮಾಡಿದ ಮೇಲೆ ಏನಾಯಿತು? 2023ರ ಫೆಬ್ರವರಿಯಲ್ಲಿ ಮುಂದಿನ ಗುತ್ತಿಗೆ ಎಎಂ ಜನರಲ್ ಅನ್ನುವ ಇನ್ನೊಂದು ಕಂಪನಿಯ ಪಾಲಾಯಿತು. 2025ರಲ್ಲಿ ಸೇನೆ ಜೆಎಲ್‌ಟಿವಿ ಕೊಳ್ಳುವುದನ್ನೇ ನಿಲ್ಲಿಸುತ್ತೇವೆ ಅಂದಿತು. ಮೊದಲು ಮಾಡಿ ತೋರಿಸುವ ಈ ಪದ್ಧತಿಯಲ್ಲಿ ಕೈಸುಟ್ಟುಕೊಳ್ಳುವವರೂ ಇರುತ್ತಾರೆ. ಆದರೆ ಕಲಿತದ್ದು ಕಂಪನಿಯಲ್ಲೇ ಉಳಿಯುತ್ತದೆ, ಎಂಜಿನಿಯರ್ ಜೊತೆಗೆ ಇನ್ನೊಂದು ಕಂಪನಿಗೂ ಹೋಗುತ್ತದೆ.

ಇಲ್ಲಿಯವರು ಎಡವಿದ್ದು ಬೇರೆ ಕಡೆ. 2022ರ ಫೆಬ್ರವರಿಯಲ್ಲಿ ಅಮೆರಿಕ ಸೇನೆ ಹವಾಮಾನದ ಹೆಸರಿನಲ್ಲಿ ಒಂದು ಯೋಜನೆ ಹೊರಡಿಸಿತು. 2035ಕ್ಕೆ ಹೈಬ್ರಿಡ್ ಯುದ್ಧವಾಹನ, 2050ಕ್ಕೆ ಪೂರ್ತಿ ಎಲೆಕ್ಟ್ರಿಕ್. ಒಳ್ಳೆಯ ಉದ್ದೇಶವೇ. ಆದರೆ ಸೈನಿಕನ ಜೀವ ಉಳಿಸುವ ಸಾಮಾನಿಗೆ ಹವಾಮಾನದ ಚೀಟಿ ಅಂಟಿಸಿದಾಗ ಅದು ರಾಜಕೀಯದ ವಸ್ತುವಾಯಿತು. 2025ರಲ್ಲಿ ಆಡಳಿತ ಬದಲಾಯಿತು, ರಕ್ಷಣಾ ಇಲಾಖೆಯ ಹವಾಮಾನದ ಕೆಲಸಗಳನ್ನೆಲ್ಲ ಬದಿಗಿಟ್ಟರು. ಹೀಗಿದ್ದೂ ಏಬ್ರಮ್ಸ್‌ನ ಮುಂದಿನ ರೂಪವಾದ ಎಂ1ಇ3ಗೆ ಹೈಬ್ರಿಡ್ ಬೇಕು ಅನ್ನುವ ಮಾತನ್ನು ಸೇನೆ ಬಿಡಲಿಲ್ಲ. ಇಂಧನ ಮತ್ತು ಸದ್ದಿನ ಕಾರಣ ಅಷ್ಟು ಗಟ್ಟಿ.

ಈಗ ನಮ್ಮ ಕಡೆಗೆ ಬರೋಣ. ಭಾರತೀಯ ಸೇನೆ 2022ರ ಅಕ್ಟೋಬರ್‌ನಲ್ಲಿ ಆಯ್ದ ತುಕಡಿಗಳಲ್ಲಿ ಲಘು ವಾಹನಗಳ ಪೈಕಿ ಶೇ 25, ಬಸ್‌ಗಳಲ್ಲಿ ಶೇ 38, ಮೋಟರ್ ಸೈಕಲ್‌ಗಳಲ್ಲಿ ಶೇ 48ರಷ್ಟನ್ನು ಎಲೆಕ್ಟ್ರಿಕ್ ಮಾಡುವುದಾಗಿ ಹೇಳಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಂಟೋನ್ಮೆಂಟ್ ಬಸ್ಸು ದಿನಾ ಎಷ್ಟು ದೂರ ಓಡುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ರಾತ್ರಿ ವಾಪಸ್ ಬಂದು ಒಂದೇ ಜಾಗದಲ್ಲಿ ನಿಲ್ಲುತ್ತದೆ. ಬ್ಯಾಟರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ. ಅಬ್ಬರವಿಲ್ಲದ, ಸರಿಯಾದ ಶುರು.

ಆದರೆ ಗಡಿಯಲ್ಲಿ ಓಡುವ ಗಾಡಿಗಳ ವಿಷಯಕ್ಕೆ ಬಂದರೆ ನಮ್ಮ ದಾರಿ ತಿರುಗುಮುರುಗು. ಇಲ್ಲಿ ಅಮೆರಿಕದಲ್ಲಿ ಕಂಪನಿ ಮೊದಲು ಮಾಡುತ್ತದೆ, ಸೇನೆ ಓಡಿಸಿ ನೋಡಿ ಬೇಕು ಬೇಡ ಅನ್ನುತ್ತದೆ. ನಮ್ಮಲ್ಲಿ ಗಾಡಿ ಹೇಗಿರಬೇಕು ಅಂತ ಕಾಗದದಲ್ಲಿ ಮೊದಲು ತೀರ್ಮಾನ ಆಗಬೇಕು. ಆಮೇಲೆ ಟೆಂಡರ್. ಆಮೇಲೆ ಬೇಸಿಗೆಯಲ್ಲಿ ಮರುಭೂಮಿಯ ಟ್ರಯಲ್, ಚಳಿಗಾಲದಲ್ಲಿ ಎತ್ತರದ ಟ್ರಯಲ್, ಎಲ್ಲ ಬಹುಪಾಲು ಕಂಪನಿಯ ಖರ್ಚಿನಲ್ಲಿ. ಒಂದು ಬೇಸಿಗೆ ತಪ್ಪಿದರೆ ಒಂದು ವರ್ಷ ಹೋಯಿತು. ಸೈನಿಕರನ್ನು ಹೊತ್ತೊಯ್ಯುವ ಬಿಎಂಪಿ ಕವಚದ ಗಾಡಿಗಳ ಬದಲಿಗೆ ಹೊಸದು ಬೇಕು ಅಂತ ಒಂದೂವರೆ ದಶಕದ ಹಿಂದೆ ಹೊರಟ ಯೋಜನೆ ಇನ್ನೂ ಕಾಗದದಿಂದ ಪೂರ್ತಿ ಇಳಿದಿಲ್ಲ. ಅಷ್ಟರಲ್ಲಿ ಬ್ಯಾಟರಿ ತಂತ್ರಜ್ಞಾನ ಎರಡು ತಲೆಮಾರು ದಾಟಿದೆ. ಹತ್ತು ವರ್ಷ ಹಿಂದೆ ಬರೆದ ಕಾಗದದಲ್ಲಿ ಇವತ್ತಿನ ಬ್ಯಾಟರಿ ಇರುವುದಾದರೂ ಹೇಗೆ?

ನಿಜ ಹೇಳಬೇಕೆಂದರೆ ಹೈಬ್ರಿಡ್ ಅಮೆರಿಕದವರಿಗಿಂತ ನಮಗೇ ಜಾಸ್ತಿ ಬೇಕು. ನಮ್ಮ ಸೋದರಮಾವ ಸೇನೆಗೆ ಇಂಧನ, ಸಾಮಾನು ಸಾಗಿಸುವ ವಿಭಾಗವಾದ ಎ.ಎಸ್.ಸಿ.ಯಲ್ಲಿದ್ದವರು. ಬೆಂಗಳೂರಿನ ಸೆಂಟರ್‌ನಲ್ಲೇ ತರಬೇತಿ, ಆಮೇಲೆ ಲಡಾಖ್‌ನಲ್ಲಿ ಲಾರಿ. "ಚಳಿಗಾಲದಲ್ಲಿ ಎಂಜಿನ್ ಆಫ್ ಮಾಡಿ ಮಲಗೋ ಹಾಗೇ ಇರಲಿಲ್ಲ ಕಣಪ್ಪಾ. ರಾತ್ರಿ ಎದ್ದೆದ್ದು ಸ್ಟಾರ್ಟ್ ಮಾಡಬೇಕು. ಇಲ್ಲಾಂದ್ರೆ ಬೆಳಿಗ್ಗೆ ಡೀಸೆಲ್ ಗಟ್ಟಿ" ಅನ್ನುತ್ತಿದ್ದರು. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲನ್ನು ಇಂಡಿಯನ್ ಆಯಿಲ್ ಲಡಾಖ್‌ಗೆ ತಂದದ್ದೇ 2019ರ ನವೆಂಬರ್‌ನಲ್ಲಿ. ಲಡಾಖ್‌ಗೆ ಹೋಗುವ ಜೋಜಿ ಲಾ ಬೆಟ್ಟದ ದಾರಿ ಹಿಮಕ್ಕೆ ಮುಚ್ಚುವ ಮೊದಲು ಇಡೀ ಚಳಿಗಾಲದ ಇಂಧನವನ್ನು ಮೇಲಕ್ಕೆ ಹೊತ್ತು ಹಾಕಬೇಕು. ಹೊತ್ತು ಹೋಗುವ ಲಾರಿಯೂ ಅದನ್ನೇ ಕುಡಿಯುತ್ತದೆ.

ಎತ್ತರದಲ್ಲಿ ಗಾಳಿ ತೆಳು, ಡೀಸೆಲ್ ಎಂಜಿನ್‌ನ ಕಸುವು ಕುಗ್ಗುತ್ತದೆ. ಮೋಟರ್‌ಗೆ ಗಾಳಿಯ ಹಂಗಿಲ್ಲ. ಕಣಿವೆಯಿಂದ ಹತ್ತುವಾಗ ಬ್ಯಾಟರಿ ತಳ್ಳುತ್ತದೆ, ಇಳಿಯುವಾಗ ಬ್ರೇಕ್‌ನಲ್ಲಿ ಸುಡುವ ಶಕ್ತಿ ವಾಪಸ್ ಬ್ಯಾಟರಿಗೆ ಬರುತ್ತದೆ. ಲಡಾಖ್ ರಸ್ತೆ ಅಂದರೆ ಹತ್ತುವುದು ಇಳಿಯುವುದು ಬಿಟ್ಟರೆ ಇನ್ನೇನಿದೆ?

ತೊಂದರೆ ಇಲ್ಲವೇ ಅಂದರೆ, ಇದೆ. ಅದು ನನ್ನ ಕೆಲಸದ್ದೇ ವಿಷಯ. ನಮ್ಮ ಲ್ಯಾಬ್‌ನಲ್ಲಿ ಒಂದು ಕೋಣೆಯಷ್ಟು ದೊಡ್ಡ ಕೋಲ್ಡ್ ಚೇಂಬರ್ ಇದೆ. ಬ್ಯಾಟರಿ ಪ್ಯಾಕನ್ನು ರಾತ್ರಿಯಿಡೀ ಮೈನಸ್ 30ರಲ್ಲಿ ಇಟ್ಟು ಬೆಳಿಗ್ಗೆ ತೆಗೆದರೆ ಅಲ್ಯೂಮಿನಿಯಂ ಮೇಲೆ ಬೆರಳು ಅಂಟಿಕೊಳ್ಳುತ್ತದೆ. ಪ್ಯಾಕ್ ಸತ್ತಿರುವುದಿಲ್ಲ, ಆದರೆ ಕೊಡುವ ಕಸುವು ತೀರ ಕಡಿಮೆ. ಚಾರ್ಜ್ ಅಂತೂ ತುಂಬಲೇಬಾರದು. ಸೊನ್ನೆಗಿಂತ ಕೆಳಗೆ ಚಾರ್ಜ್ ತುಂಬಿದರೆ ಲಿಥಿಯಂ ಒಳಗೆ ಹೋಗದೆ ಲೋಹವಾಗಿ ಮೇಲೇ ಕೂರುತ್ತದೆ, ಸೆಲ್ ಹಾಳು. ಹಾಗಾಗಿ ಮೊದಲು ಬಿಸಿ ನೀರು ಹರಿಸಿ ಬೆಚ್ಚಗೆ ಮಾಡಬೇಕು. ಹೈಬ್ರಿಡ್‌ನಲ್ಲಿ ಅನುಕೂಲ ಇರುವುದೇ ಇಲ್ಲಿ: ಪಕ್ಕದಲ್ಲೇ ಎಂಜಿನ್ ಇದೆ, ಅದು ಹೊರಗೆ ಎಸೆಯುವ ಶಾಖವೇ ಬ್ಯಾಟರಿಗೆ ಸಾಕು. ಮಿಶಿಗನ್‌ನ ಚಳಿಯಲ್ಲಿ ಕಾರುಗಳಿಗೆ ಮಾಡಿ ಮುಗಿಸಿರುವ ಕೆಲಸ ಇದು.

ಇದಕ್ಕೆ ಬೇಕಾದ ಜನ ನಮ್ಮ ನಾಡಿನಲ್ಲೇ ಇದ್ದಾರೆ ಅನ್ನುವುದು ನನ್ನನ್ನು ಕಾಡುತ್ತದೆ. ಜಗತ್ತಿನ ದೊಡ್ಡ ಕಂಪನಿಗಳು ಇನ್ನೂ ಹಿಂದೆ ಮುಂದೆ ನೋಡುತ್ತಿದ್ದಾಗ, 2001ರಲ್ಲಿ, ಬೆಂಗಳೂರಿನಿಂದ ರೇವಾ ಎಲೆಕ್ಟ್ರಿಕ್ ಕಾರು ಹೊರಬಂತು. ಲಂಡನ್ ಬೀದಿಯಲ್ಲೂ ಓಡಿತು. ಮೈಸೂರಿನ ಬಿಇಎಂಎಲ್ ಘಟಕದಲ್ಲಿ 2024ರ ಮಾರ್ಚ್ 20ರಂದು ಟ್ಯಾಂಕಿಗೆಂದು ನಮ್ಮವರೇ ರೂಪಿಸಿದ 1,500 ಅಶ್ವಶಕ್ತಿಯ ಎಂಜಿನ್ ಮೊದಲ ಸಲ ಚಾಲೂ ಆಯಿತು. ಮೆಟ್ರೊ ರೈಲಿನ ಬೋಗಿ ಮಾಡಿದವರೂ ಅದೇ ಬಿಇಎಂಎಲ್. ಲಾರಿ ಓಡಿಸುವ ಸೈನಿಕರ ತರಬೇತಿ ಬೆಂಗಳೂರಿನಲ್ಲಿ. ಮೌಂಡ್ ರೋಡ್‌ನಲ್ಲಿ ಇರುವುದೆಲ್ಲ ಬೆಂಗಳೂರು-ಮೈಸೂರು ರಸ್ತೆಯ ಎರಡು ತುದಿಯಲ್ಲಿ ಇದೆ, ಅಲ್ವಾ? ಇವರೆಲ್ಲ ಒಂದು ಗಾಡಿಯ ಸುತ್ತ ನಿಂತು ಮಾತಾಡುವುದು ಮಾತ್ರ ಬಾಕಿ.

ಟ್ಯಾಂಕಿನಿಂದ ಶುರು ಮಾಡುವುದು ಬೇಡ. ಲಾರಿಯಿಂದ ಶುರು ಮಾಡಲಿ. ಈಗಿರುವ ಲಾರಿಗೇ ಮೋಟರ್ ಮತ್ತು ಸಣ್ಣ ಬ್ಯಾಟರಿ ಕೂರಿಸಿ ಕೊಡಿ ಅಂತ ಬೆಂಗಳೂರಿನ ಸಣ್ಣ ಕಂಪನಿಗಳಿಗೆ ಹೇಳಲಿ. ಐಡೆಕ್ಸ್ ಯೋಜನೆಯಲ್ಲಿ 2018ರಿಂದ ಸಣ್ಣ ಕಂಪನಿಗಳಿಗೆ ಸರ್ಕಾರ ದುಡ್ಡು ಕೊಡುತ್ತಿದೆ, ಲಾರಿಗೂ ಅದರಲ್ಲಿ ಪಾಲು ಬರಲಿ. ಟ್ರಯಲ್ ಖರ್ಚನ್ನು ಪೂರ್ತಿ ಕಂಪನಿಯ ತಲೆಗೆ ಕಟ್ಟುವುದನ್ನು ಬಿಡಲಿ. ನೂರು ಪುಟದ ನಿಯಮ ಬರೆಯುವ ಮೊದಲು ಒಂದು ಚಳಿಗಾಲ ಲೇಹ್‌ನಲ್ಲಿ ಓಡಿಸಿ, ಎಷ್ಟು ಲೀಟರ್ ಉಳಿಯಿತು, ಮುಂಜಾನೆ ಎಷ್ಟು ಹೊತ್ತಿಗೆ ಸ್ಟಾರ್ಟ್ ಆಯಿತು ಅಂತ ಬರೆದಿಡಲಿ. ಓಡಿಸುವವರು ಕಂಪನಿಯ ಡ್ರೈವರ್ ಆಗುವುದು ಬೇಡ, ಎ.ಎಸ್.ಸಿ. ಹುಡುಗರೇ ಆಗಲಿ. ಏನು ಸರಿಯಿಲ್ಲ ಅಂತ ಅವರು ಹೇಳಿದ್ದನ್ನು ಬರೆದುಕೊಳ್ಳಲು ಎಂಜಿನಿಯರ್ ಪಕ್ಕದ ಸೀಟಿನಲ್ಲೇ ಕೂತಿರಲಿ.